ಸ್ಟೀರಿಂಗ್ ನಡುಕ: ಮಾರ್ಪಡಿಸಿದ ಜೀಪಿನ ರೋಗ, ಅದರ ಪತ್ತೆ

ಕೊಳ್ಳೇಗಾಲ: ಮಲೆ ಮಹದೇಶ್ವರ ಬೆಟ್ಟದ ಕಾಡುದಾರಿಯಲ್ಲಿ ಗಂಟೆಗೆ 10-15 ಕಿ.ಮೀ. ವೇಗದಲ್ಲಿ ಕಲ್ಲು, ಕೊರಕಲು, ಹಳ್ಳಗಳನ್ನೆಲ್ಲ ದಾಟುವ ಜೀಪು ಯಾವ ತಕರಾರನ್ನೂ ಮಾಡದೆ ತಾಳಬೆಟ್ಟ ಇಳಿದು ಕೌದಳ್ಳಿ ಮುಟ್ಟುತ್ತದೆ. ಅಲ್ಲಿಂದ ಹನೂರಿನತ್ತ ಡಾಂಬರು ರಸ್ತೆ. ಚಾಲಕರು ಸಹಜವಾಗಿಯೇ ವೇಗ ಹೆಚ್ಚಿಸುತ್ತಾರೆ. ವೇಗಮಾಪಕದ ಮುಳ್ಳು 60 ದಾಟುತ್ತಿರುವಾಗ ಎಡಗಾಲಿ ಒಂದು ಸಣ್ಣ ಗುಂಡಿಗೆ ಬೀಳುತ್ತದೆ. ಮರುಕ್ಷಣವೇ ಮುಂದಿನ ಎರಡೂ ಗಾಲಿಗಳು ಎಡಕ್ಕೂ ಬಲಕ್ಕೂ ಬಡಿದಾಡತೊಡಗುತ್ತವೆ. ಸ್ಟೀರಿಂಗ್ ಚಕ್ರ ಕೈಯಿಂದ ಕಿತ್ತುಕೊಳ್ಳುವಂತೆ ಒದರುತ್ತದೆ. ಬಾನೆಟ್, ಡ್ಯಾಶ್‌ಬೋರ್ಡ್, ಕೂತವರ ಹಲ್ಲುಗಳವರೆಗೆ ಎಲ್ಲವೂ ಅದುರುತ್ತದೆ. ವೇಗ 30ಕ್ಕೋ 20ಕ್ಕೋ ಇಳಿಯುವವರೆಗೆ ಅದು ನಿಲ್ಲುವುದಿಲ್ಲ. ನಿಂತ ಮೇಲೆ ಇಳಿದು ನೋಡಿದರೆ ಯಾವುದೂ ಮುರಿದಿರುವುದಿಲ್ಲ, ಕಳಚಿರುವುದಿಲ್ಲ.

ಗ್ಯಾರೇಜುಗಳಲ್ಲಿ ಇದನ್ನು 'ವಾಬ್ಲಿಂಗ್' ಎನ್ನುತ್ತಾರೆ. ಜೀಪು ಹುಚ್ಚಿನ ನಗರದ ಯುವಕರು ಇಂಗ್ಲಿಷಿನಿಂದ ತಂದುಕೊಂಡ ಹೆಸರು 'ಡೆತ್ ವಾಬಲ್'. ಹೆಸರು ಭಯ ಹುಟ್ಟಿಸುವಂಥದ್ದೇ ಆದರೂ ಉತ್ಪ್ರೇಕ್ಷೆಯದಲ್ಲ. ಘಟ್ಟದ ತಿರುವಿನಲ್ಲಿ, ಎದುರಿನಿಂದ ಬಸ್ಸು ಬರುತ್ತಿರುವಾಗ, ಈ ನಡುಕ ಶುರುವಾದರೆ ಏನಾಗಬಹುದೆಂಬುದನ್ನು ಊಹಿಸಲು ಹೆಚ್ಚಿನ ಕಲ್ಪನಾಶಕ್ತಿ ಬೇಕಿಲ್ಲ. ಆದರೂ ಬಹುಪಾಲು ಪ್ರಕರಣಗಳಲ್ಲಿ ಮಾಲೀಕರು ಹೊಸ ಡ್ಯಾಂಪರೊಂದನ್ನು ಹಾಕಿಸಿ, ನಡುಕ ನಿಂತಿತೆಂದು ನೆಮ್ಮದಿಯಿಂದಿರುತ್ತಾರೆ. ಇದು ಜ್ವರಕ್ಕೆ ಕಾರಣ ಹುಡುಕದೆ ಮಾತ್ರೆ ನುಂಗಿದಂತೆ.

ಈ ಸೀಮೆಯಲ್ಲಿ ಜೀಪು ಏಕೆ ಮುಖ್ಯ?

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಅದರಿಂದ ಬೇರ್ಪಟ್ಟು ತಾಲ್ಲೂಕಾದ ಹನೂರು ಹಾಗೂ ನೆರೆಯ ಯಳಂದೂರು, ಈ ಮೂರೂ ಕಡೆ ಊರು ಮುಗಿದಲ್ಲಿ ಕಾಡು ಆರಂಭವಾಗುತ್ತದೆ. ಒಂದೆಡೆ 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮ, ಇನ್ನೊಂದೆಡೆ 2013ರಲ್ಲಿ ಘೋಷಣೆಯಾದ ಮಲೆ ಮಹದೇಶ್ವರ ವನ್ಯಜೀವಿಧಾಮ, ಮತ್ತೊಂದೆಡೆ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾದ ಬಿಳಿಗಿರಿರಂಗನ ಬೆಟ್ಟ. ಇಂಡಿಗನತ್ತ, ಮೆಂದಾರೆ, ತುಳಸಿಕೆರೆ, ಮೆದಗನಾಣೆ, ಪಡಸಲನತ್ತ ಮುಂತಾದ ಕಾಡೊಳಗಿನ ಊರುಗಳಿಗೆ ಪಡಿತರ ತಲುಪಿಸುವುದು, ಹೆರಿಗೆ ನೋವು ಕಾಣಿಸಿಕೊಂಡವರನ್ನು ಆಸ್ಪತ್ರೆಗೆ ತರುವುದು, ನಾಗಮಲೆಯ ಭಕ್ತರನ್ನು ಅರ್ಧ ದಾರಿಯವರೆಗೆ ಬಿಡುವುದು ಇವೆಲ್ಲಕ್ಕೂ ಬಹುಕಾಲದಿಂದ ಜೀಪೇ ಗತಿಯಾಗಿತ್ತು. ಜೀಪೂ ಇಲ್ಲದಿದ್ದಾಗ ಡೋಲಿ. 2024ರ ಏಪ್ರಿಲ್ 26ರಂದು ಲೋಕಸಭಾ ಚುನಾವಣೆಯ ಮತದಾನದ ದಿನ ಇಂಡಿಗನತ್ತದ ಮತಗಟ್ಟೆ ಧ್ವಂಸಗೊಂಡು, 29ರಂದು ಮರುಮತದಾನ ನಡೆದದ್ದು ಓದುಗರಿಗೆ ನೆನಪಿರಬಹುದು. ಅಂದಿನ ಬಹಿಷ್ಕಾರದ ಹಿಂದಿದ್ದ ಬೇಡಿಕೆಗಳಲ್ಲಿ ರಸ್ತೆಯೂ ಒಂದು.

ಇಂಥ ದಾರಿಯಲ್ಲಿ ದುಡಿಯುವ ಜೀಪುಗಳಲ್ಲಿ ಕಾರ್ಖಾನೆಯಿಂದ ಬಂದ ಸ್ಥಿತಿಯಲ್ಲೇ ಉಳಿದಿರುವುದು ಕಡಿಮೆ. ಭಾರ ಹೊರಲೆಂದು ಹಿಂದೆ ಹೆಚ್ಚುವರಿ ಸ್ಪ್ರಿಂಗ್ ಪಟ್ಟಿ, ಕಲ್ಲು ತಾಗದಿರಲೆಂದು ಉದ್ದನೆಯ ಶಾಕಲ್, ಕೆಸರಿನಲ್ಲಿ ಹಿಡಿತಕ್ಕೆಂದು ಅಗಲದ ಟೈರು, ಕೈನೋವು ತಪ್ಪಿಸಲೆಂದು ಬೇರೆ ವಾಹನದಿಂದ ಕಳಚಿ ತಂದ ಪವರ್ ಸ್ಟೀರಿಂಗ್. ಇವಕ್ಕೆಲ್ಲ ಅರ್ಥವಿದೆ. ವಾರಾಂತ್ಯದಲ್ಲಿ ಬೆಂಗಳೂರಿನಿಂದ ಕನಕಪುರ, ಮಳವಳ್ಳಿ ಮಾರ್ಗವಾಗಿ ಬೆಟ್ಟಕ್ಕೆ ಬರುವ ಜಿಪ್ಸಿ, ಥಾರ್, ಜಿಮ್ನಿಗಳ ಮಾರ್ಪಾಡಿನಲ್ಲಿ ಅಗತ್ಯಕ್ಕಿಂತ ಅಂದವೇ ಹೆಚ್ಚು. ಆದರೆ ಗಾಲಿಗೆ ಈ ಭೇದ ತಿಳಿಯದು.

ಗಾಲಿ ತಾನಾಗಿಯೇ ಏಕೆ ಬಡಿದಾಡುತ್ತದೆ?

ಆಸ್ಪತ್ರೆಯ ಸ್ಟ್ರೆಚರ್ ಅಥವಾ ಅಂಗಡಿಯ ತಳ್ಳುಗಾಡಿಯ ಸಣ್ಣ ಗಾಲಿಯೊಂದು ಕೆಲವೊಮ್ಮೆ ಓಡುವಾಗ ಪಟಪಟನೆ ಒದ್ದಾಡುವುದನ್ನು ಎಲ್ಲರೂ ಕಂಡಿರುತ್ತಾರೆ. ಜೀಪಿನಲ್ಲಿ ನಡೆಯುವುದೂ ಮೂಲತಃ ಅದೇ. ಮುಂದಿನ ಗಾಲಿ ತಿರುಗುವ ಕೀಲಿನ ಅಕ್ಷ (ಕಿಂಗ್‌ಪಿನ್) ನೆಟ್ಟಗೆ ನಿಂತಿರುವುದಿಲ್ಲ. ಅದರ ಮೇಲ್ತುದಿ ತುಸು ಹಿಂದಕ್ಕೆ ವಾಲಿರುತ್ತದೆ. ಈ ವಾಲಿಕೆಗೆ ಕ್ಯಾಸ್ಟರ್ ಎಂದು ಹೆಸರು. ಹಳೆಯ ವಿಲ್ಲೀಸ್ ಮಾದರಿಯ ಜೀಪುಗಳಲ್ಲಿ ಇದು ಸುಮಾರು 3 ಡಿಗ್ರಿ. ಈ ವಾಲಿಕೆಯಿಂದಾಗಿ ಟೈರು ನೆಲ ಮುಟ್ಟುವ ಜಾಗ ಕೀಲಿನ ರೇಖೆಗಿಂತ ಹಿಂದಿರುತ್ತದೆ. ಆದ್ದರಿಂದ ಗಾಲಿ ಎತ್ತ ತಿರುಗಿದರೂ ವಾಹನ ಮುಂದೆ ಸಾಗುತ್ತಿದ್ದಂತೆ ಅದು ನೇರಕ್ಕೆ ಮರಳಲು ಹವಣಿಸುತ್ತದೆ.

ಮರಳುವಾಗ ಅದು ನಡುಬಿಂದುವನ್ನು ದಾಟಿ ಆ ಕಡೆಗೂ ಸ್ವಲ್ಪ ಹೋಗುತ್ತದೆ. ಅಲ್ಲಿಂದ ಮತ್ತೆ ಈಚೆಗೆ. ಆರೋಗ್ಯವಂತ ಜೀಪಿನಲ್ಲಿ ಕೀಲುಗಳ ಬಿಗಿತ ಹಾಗೂ ಘರ್ಷಣೆ ಈ ತೂಗಾಟವನ್ನು ಒಂದೆರಡು ಸುತ್ತಿನಲ್ಲೇ ಕೊಂದುಬಿಡುತ್ತವೆ. ಕೀಲುಗಳು ಸಡಿಲವಾಗಿದ್ದರೆ ಪ್ರತಿ ತೂಗಾಟದಲ್ಲೂ ನಷ್ಟವಾಗುವ ಶಕ್ತಿಗಿಂತ ವಾಹನದ ಓಟದಿಂದ ಸಿಗುವ ಶಕ್ತಿಯೇ ಹೆಚ್ಚಾಗುತ್ತದೆ. ಆಗ ಅದು ಬೆಳೆಯುತ್ತದೆ. ಹೊರಗಿನಿಂದ ಯಾರೂ ತಳ್ಳಬೇಕಾಗಿಲ್ಲ. ಗುಂಡಿ ನಿಮಿತ್ತ ಮಾತ್ರ. ರಸ್ತೆ ನುಣ್ಣಗಾದ ಮೇಲೂ ನಡುಕ ಮುಂದುವರಿಯುವುದು, ವೇಗ ತಗ್ಗಿದರೆ ಮಾತ್ರ ನಿಲ್ಲುವುದು ಈ ಕಾರಣಕ್ಕೆ.

ಇದಕ್ಕೆ ಇನ್ನೊಂದು ಸಂಗತಿ ಸೇರುತ್ತದೆ. ಹಳೆಯ ಜೀಪು, ಜಿಪ್ಸಿ, ಜಿಮ್ನಿಗಳಲ್ಲಿ ಮುಂದಿನ ಎರಡೂ ಗಾಲಿಗಳು ಒಂದೇ ಗಟ್ಟಿ ಆಕ್ಸಲ್‌ನ ಎರಡು ತುದಿಗಳಲ್ಲಿವೆ. ಒಂದು ಗಾಲಿ ಗುಂಡಿಗಿಳಿದರೆ ಇಡೀ ಆಕ್ಸಲ್ ಓರೆಯಾಗುತ್ತದೆ. ಜೋರಾಗಿ ಸುತ್ತುತ್ತಿರುವ ಚಕ್ರವನ್ನು ಓರೆ ಮಾಡಿದರೆ ಅದು ಪಕ್ಕಕ್ಕೆ ತಿರುಗಲು ನೋಡುತ್ತದೆ (ಸೈಕಲ್ಲಿನ ಬಿಚ್ಚಿದ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದವರಿಗೆ ಇದು ಗೊತ್ತು). ಹೀಗೆ ಮೇಲೆ ಕೆಳಗಿನ ಕುಣಿತ ಎಡಬಲದ ಬಡಿದಾಟವಾಗಿ, ಅದು ಮತ್ತೆ ಕುಣಿತವಾಗಿ, ಒಂದನ್ನೊಂದು ಪೋಷಿಸುತ್ತವೆ.

ಈ ರೋಗ ಹೊಸದೇನೂ ಅಲ್ಲ. 1920ರ ದಶಕದಲ್ಲಿ ಕಾರುಗಳಿಗೆ ಮುಂದಿನ ಬ್ರೇಕ್ ಮತ್ತು ಕಡಿಮೆ ಗಾಳಿಯ ದಪ್ಪ ಟೈರುಗಳು ಬಂದಾಗ ಜಗತ್ತಿನಾದ್ಯಂತ ಇದೇ ದೂರು. 'ಶಿಮ್ಮಿ' ಎಂದು ಕರೆಯಲಾಗುತ್ತಿದ್ದ ಈ ನಡುಕವನ್ನು 1925ರಲ್ಲಿ ಅಧ್ಯಯನ ಮಾಡಿದ ಫ್ರಾನ್ಸಿನ ಎಂಜಿನಿಯರ್ ಜಾರ್ಜ್ ಬ್ರೂಲಿಯೆ, ಓಡುವ ಟೈರು ಪಕ್ಕಕ್ಕೆ ಜಾರುವ ಬಗೆಯನ್ನು ವಿವರಿಸಿದರು. 1934ರ ಹೊತ್ತಿಗೆ ಅಮೆರಿಕದ ಜನರಲ್ ಮೋಟಾರ್ಸ್ ಕಾರುಗಳಲ್ಲಿ ಮುಂದಿನ ಎರಡು ಗಾಲಿಗಳನ್ನು ಬಿಡಿಬಿಡಿಯಾಗಿ ತೂಗಿಬಿಡುವ ಪದ್ಧತಿ ಬಂದುದಕ್ಕೆ ಈ ನಡುಕವೂ ಒಂದು ಕಾರಣ. ಕಾರುಗಳು ಗಟ್ಟಿ ಆಕ್ಸಲ್ಲನ್ನು ಬಿಟ್ಟವು. ಕಾಡುದಾರಿಯ ಗಟ್ಟಿತನಕ್ಕಾಗಿ ಜೀಪು ಬಿಡಲಿಲ್ಲ. ಅಮೆರಿಕದಲ್ಲಿಯೇ ಹೊಸ ಜೀಪ್ ರ‍್ಯಾಂಗ್ಲರ್‌ಗಳ ಮಾಲೀಕರು ಈ ನಡುಕದ ಬಗ್ಗೆ ದೂರಿದ್ದರಿಂದ 2019ರಲ್ಲಿ ತಯಾರಕರು ಸ್ಟೀರಿಂಗ್ ಡ್ಯಾಂಪರ್ ಬದಲಿಸಿಕೊಟ್ಟದ್ದುಂಟು.

ನಮ್ಮಲ್ಲಿ 1947ರಲ್ಲಿ ಮಹೀಂದ್ರ ಜೋಡಿಸಲಾರಂಭಿಸಿದ ವಿಲ್ಲೀಸ್ ಜೀಪಿನ ವಂಶದವು, ಅಂದರೆ ಸಿಜೆ 3ಬಿ, ಎಂಎಂ 540 ಮುಂತಾದವು, ಹಾಗೂ 1985ರಿಂದ 2019ರವರೆಗೆ ತಯಾರಾದ ಮಾರುತಿ ಜಿಪ್ಸಿ ಮುಂದೆಯೂ ಹಿಂದೆಯೂ ಪಟ್ಟಿ ಸ್ಪ್ರಿಂಗ್ ಹಾಗೂ ಗಟ್ಟಿ ಆಕ್ಸಲ್ ಹೊಂದಿವೆ. 2023ರಲ್ಲಿ ಬಂದ ಜಿಮ್ನಿಯಲ್ಲಿ ಗಟ್ಟಿ ಆಕ್ಸಲ್ಲೇ ಇದ್ದರೂ ಸುರುಳಿ ಸ್ಪ್ರಿಂಗ್. 2020ರ ಥಾರ್‌ನ ಮುಂದಿನ ಗಾಲಿಗಳು ಬಿಡಿಬಿಡಿಯಾಗಿವೆ. ಅದರಲ್ಲಿ ಅದುರು ಬಂದರೆ ಟೈರು, ಬಾಲ್ ಜಾಯಿಂಟ್, ತೋಳುಗಳ ಬುಷ್ ನೋಡಬೇಕೇ ಹೊರತು ಇಲ್ಲಿ ಹೇಳುತ್ತಿರುವ ರೋಗದ ಪೂರ್ಣ ರೂಪ ಅಲ್ಲಿ ಅಪರೂಪ.

ಮಾರ್ಪಾಡು ಎಲ್ಲಿ ಕೈಕೊಡುತ್ತದೆ?

ಮೊದಲನೆಯದು ಕ್ಯಾಸ್ಟರ್. ಶಾಕಲ್ ಮುಂತುದಿಯಲ್ಲಿರುವ ಜೀಪುಗಳಲ್ಲಿ ಅದನ್ನು ಉದ್ದ ಮಾಡಿದರೆ ಸ್ಪ್ರಿಂಗಿನ ಮುಂತುದಿ ಚಾಸಿಗಿಂತ ಕೆಳಗಿಳಿಯುತ್ತದೆ, ಆಕ್ಸಲ್ ಮುಂದಕ್ಕೆ ಉರುಳುತ್ತದೆ, ಕಿಂಗ್‌ಪಿನ್ನಿನ ಮೇಲ್ತುದಿ ಮುಂದಕ್ಕೆ ಬರುತ್ತದೆ. 3 ಡಿಗ್ರಿ ಇದ್ದದ್ದು 1 ಆಗುತ್ತದೆ, ಕೆಲವೊಮ್ಮೆ ಸೊನ್ನೆ. ಸ್ಟೀರಿಂಗ್ ಹಗುರವಾಯಿತೆಂದು ಚಾಲಕರು ಸಂತೋಷಪಡುತ್ತಾರೆ. ವಾಹನ ನೇರ ಓಡುವ ಗುಣ ಕಳೆದುಕೊಂಡಿರುತ್ತದೆ.

ಬಾಡಿಗೆ ಜೀಪುಗಳಲ್ಲಿ ಇದಕ್ಕಿಂತ ಗುಟ್ಟಾದ ಕಾರಣವೊಂದಿದೆ. ಹಿಂದೆ ಜನ, ಮೂಟೆ ಹೊರಲೆಂದು ಎರಡು ಪಟ್ಟಿ ಹೆಚ್ಚಿಸಿದಾಗ ಖಾಲಿ ಜೀಪಿನ ಹಿಂಭಾಗ ಎತ್ತರವಾಗುತ್ತದೆ, ಇಡೀ ಜೀಪು ಮೂಗು ತಗ್ಗಿಸಿ ನಿಲ್ಲುತ್ತದೆ. ಜಿಪ್ಸಿಯ ಮುಂಗಾಲಿ ಹಿಂಗಾಲಿಗಳ ನಡುವಿನ ಅಂತರ 2,375 ಮಿ.ಮೀ. ಈ ಲೆಕ್ಕದಲ್ಲಿ ಹಿಂಭಾಗ ಸುಮಾರು 4 ಸೆಂ.ಮೀ. ಏರಿದರೆ ಮುಂದಿನ ಕ್ಯಾಸ್ಟರ್ 1 ಡಿಗ್ರಿ ಇಳಿಯುತ್ತದೆ, 10 ಸೆಂ.ಮೀ. ಏರಿದರೆ ಸುಮಾರು ಎರಡೂವರೆ ಡಿಗ್ರಿ. ಜನ ತುಂಬಿದ್ದಾಗ ಸರಿಯಾಗಿದ್ದ ಜೀಪು ಅವರನ್ನು ಇಳಿಸಿ ಖಾಲಿ ಬರುವಾಗ ನಡುಗಿದರೆ ಮೊದಲು ಅನುಮಾನಿಸಬೇಕಾದ್ದು ಇದನ್ನೇ.

ಎರಡನೆಯದು ಟೈರು. ಜಿಪ್ಸಿಗೆ ಬರುತ್ತಿದ್ದ 205/70 ಆರ್ 15 ಅಳತೆಯ ಟೈರಿನ ಎತ್ತರ ಸುಮಾರು 26 ಅಂಗುಲ. ಅದರ ಜಾಗದಲ್ಲಿ 31 ಅಂಗುಲದ್ದನ್ನು ಕೂರಿಸಿದರೆ ತೂಕ ಹೆಚ್ಚುವುದಷ್ಟೇ ಅಲ್ಲ, ತೂಕವೆಲ್ಲ ಕೀಲಿನಿಂದ ದೂರ ಸರಿಯುತ್ತದೆ. ಗಾಲಿ ಹೊರಗೆ ಚಾಚಿರಲೆಂದು ಸ್ಪೇಸರ್ ಹಾಕಿದರೆ ಪ್ರತಿ ಕಲ್ಲಿನ ಹೊಡೆತಕ್ಕೂ ಸನ್ನೆಕೋಲಿನ ಬಲ ಸಿಗುತ್ತದೆ. ಮೂಲ ಟೈರಿಗೆಂದು ಮಾಡಿದ ಟೈರಾಡ್, ಅದರ ತುದಿಯ ಬಾಲ್ ಜಾಯಿಂಟ್, ಕಿಂಗ್‌ಪಿನ್ ಬೇರಿಂಗುಗಳು ಈ ಹೊಡೆತವನ್ನು ದಿನವೂ ತಿನ್ನಬೇಕು. ನಡುಕ ಶುರುವಾಗುವ ವೇಗವೂ ಬದಲಾಗಬಹುದು: ಗಂಟೆಗೆ 60 ಕಿ.ಮೀ. ವೇಗದಲ್ಲಿ ಮೂಲ ಟೈರು ಸೆಕೆಂಡಿಗೆ ಸುಮಾರು 8 ಸುತ್ತು ಸುತ್ತಿದರೆ 31 ಅಂಗುಲದ್ದು ಸುಮಾರು 6.7 ಸುತ್ತು.

ಪವರ್ ಸ್ಟೀರಿಂಗ್ ಜೋಡಿಸುವಾಗ ಪೆಟ್ಟಿಗೆಯನ್ನು ಚಾಸಿಗೆ ತೆಳ್ಳನೆಯ ತಗಡಿನ ಮೇಲೆ ಬೆಸೆದಿದ್ದರೆ ಆ ತಗಡೇ ಸ್ಪ್ರಿಂಗಿನಂತೆ ಬಾಗುತ್ತದೆ, ಬರುಬರುತ್ತಾ ಸೀಳುತ್ತದೆ.

ಇದು ನಿಜವಾಗಿ ಅದೇ ರೋಗವೆ?

ಎಲ್ಲ ಅದುರೂ ಡೆತ್ ವಾಬಲ್ ಅಲ್ಲ. ಬಿಚ್ಚುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಕೆಲವಿವೆ. ಒಂದು ನಿಶ್ಚಿತ ವೇಗದಲ್ಲಿ, ಉದಾಹರಣೆಗೆ 80ರ ಆಸುಪಾಸಿನಲ್ಲಿ, ಸಣ್ಣಗೆ ಅದುರಿ, ವೇಗ ಹೆಚ್ಚಿಸಿದರೆ ಕಡಿಮೆಯಾಗುವಂತಿದ್ದರೆ ಅದು ಬಹುತೇಕ ಗಾಲಿಯ ತೂಕದ ಅಸಮತೋಲನ. ಬ್ರೇಕ್ ಒತ್ತಿದಾಗ ಮಾತ್ರ ಅದುರಿದರೆ ಡಿಸ್ಕ್ ಅಥವಾ ಡ್ರಮ್ ಸೊಟ್ಟಗಾಗಿದೆ. ಆಕ್ಸಿಲರೇಟರ್ ಒತ್ತಿದಾಗ ಹೆಚ್ಚಾಗಿ, ಬಿಟ್ಟಾಗ ತಗ್ಗಿ, ಕೈಗಿಂತ ಸೀಟಿನಲ್ಲಿ ತಿಳಿದರೆ ಪ್ರೊಪೆಲ್ಲರ್ ಶಾಫ್ಟ್. ವಾಹನ ಅದುರದೆ ಸುಮ್ಮನೆ ಅತ್ತಿತ್ತ ಅಲೆದಾಡಿದರೆ ಸ್ಟೀರಿಂಗ್ ಪೆಟ್ಟಿಗೆಯ ಸವೆತ ಅಥವಾ ಕ್ಯಾಸ್ಟರ್ ಕೊರತೆ. ಉಬ್ಬು ದಾಟುವಾಗಲೆಲ್ಲ ಒಂದೇ ಕಡೆಗೆ ಎಳೆದರೆ, ಎತ್ತರಿಸಿದ್ದರಿಂದ ಡ್ರ್ಯಾಗ್ ಲಿಂಕ್ ಕಡಿದಾಗಿ ಓರೆಯಾಗಿದೆ ಎಂದರ್ಥ. ಗುಂಡಿಯ ಹೊಡೆತದಿಂದ ಶುರುವಾಗಿ, ತಾನಾಗಿ ಬೆಳೆದು, ವೇಗ ತಗ್ಗುವವರೆಗೂ ನಿಲ್ಲದಿದ್ದರೆ ಮಾತ್ರ ಮುಂದಿನ ಪರೀಕ್ಷೆಗಳ ಅಗತ್ಯ.

ಪತ್ತೆಯ ಕ್ರಮ

ಅಗ್ಗದ್ದರಿಂದ ಆರಂಭಿಸುವುದು ಜಾಣತನ. ಮೊದಲು ಗಾಲಿಗಳನ್ನು ತೊಳೆಯಬೇಕು. ಮಳೆಗಾಲದ ಕೆಸರು ರಿಮ್ಮಿನ ಒಳಬದಿಯಲ್ಲಿ ಒಂದು ಪಕ್ಕ ಮೆತ್ತಿಕೊಂಡು ಒಣಗಿದರೆ ಅಷ್ಟರಿಂದಲೇ ನಡುಕ ಬರುವುದುಂಟು. ಅದೇ ಕೆಸರಿನಲ್ಲಿ ಸೀಸದ ತೂಕಗಳು ಉದುರಿಹೋಗಿರಲೂಬಹುದು. ಬಳಿಕ ಗಾಳಿ. ಕಾಡುದಾರಿಗೆಂದು ಗಾಳಿ ಇಳಿಸಿದವರು ಡಾಂಬರಿಗೆ ಬಂದಾಗ ಮತ್ತೆ ತುಂಬಿಸಲು ಮರೆಯುತ್ತಾರೆ. ಆಮೇಲೆ ಜಾಕ್ ಕೊಟ್ಟು ಗಾಲಿ ಸುತ್ತಿಸಿ, ಟೈರು ಉಬ್ಬಿದೆಯೇ, ರಿಮ್ ಸೊಟ್ಟಗಿದೆಯೇ ನೋಡುವುದು. ಮುಂದಿನ ಗಾಲಿಗಳನ್ನು ಹಿಂದಕ್ಕೂ ಹಿಂದಿನವನ್ನು ಮುಂದಕ್ಕೂ ಬದಲಿಸಿ ಓಡಿಸಿದಾಗ ನಡುಕದ ಸ್ವಭಾವ ಬದಲಾದರೆ ದೋಷ ಗಾಲಿಯಲ್ಲಿದೆ.

ಆದರೆ ಇಲ್ಲೊಂದು ಎಚ್ಚರಿಕೆ. ಬ್ಯಾಲೆನ್ಸಿಂಗ್ ಮಾಡಿಸಿದ ಮೇಲೆ ನಡುಕ ನಿಂತಿತೆಂದ ಮಾತ್ರಕ್ಕೆ ಕೀಲುಗಳು ಸರಿಯಿವೆ ಎಂದಲ್ಲ. ಕಿಡಿ ಆರಿದೆ, ಒಣಹುಲ್ಲು ಅಲ್ಲೇ ಇದೆ.

ಎರಡನೆಯ ಹಂತಕ್ಕೆ ಇಬ್ಬರು ಬೇಕು, ಉಪಕರಣ ಬೇಡ. ಜೀಪು ತನ್ನ ತೂಕದೊಂದಿಗೆ ನೆಲದ ಮೇಲೆಯೇ ನಿಂತಿರಬೇಕು; ಜಾಕ್ ಬೇಡ. ಗೇರು ತಟಸ್ಥದಲ್ಲಿಟ್ಟು, ಕೈಬ್ರೇಕ್ ಎಳೆದು, ಗಾಲಿಗಳಿಗೆ ಕಲ್ಲು ಕೊಡಬೇಕು. ಒಬ್ಬರು ಸ್ಟೀರಿಂಗ್ ಚಕ್ರವನ್ನು ಎಡಬಲಕ್ಕೆ ಅಂಗೈಯಗಲದಷ್ಟು ಬೇಗಬೇಗ ಆಡಿಸುತ್ತಿರಬೇಕು (ಪವರ್ ಸ್ಟೀರಿಂಗ್ ಇದ್ದರೆ ಎಂಜಿನ್ ಚಾಲೂ ಇರಲಿ). ಇನ್ನೊಬ್ಬರು ಕೆಳಗೆ ಮಲಗಿ, ಸ್ಟೀರಿಂಗ್ ಪೆಟ್ಟಿಗೆಯಿಂದ ಆರಂಭಿಸಿ ಗಾಲಿಯವರೆಗೆ ಒಂದೊಂದು ಕೀಲಿನ ಮೇಲೂ ಬೆರಳಿಟ್ಟು ನೋಡಬೇಕು. ಕೀಲಿನ ಒಂದು ಬದಿ ಚಲಿಸಿ ಇನ್ನೊಂದು ಬದಿ ತಡವಾಗಿ ಚಲಿಸಿದರೆ ಅಲ್ಲಿ ಆಟವಿದೆ. ಕಣ್ಣಿಗೆ ಕಾಣದ ಸಡಿಲ ಬೆರಳಿಗೆ ತಿಳಿಯುತ್ತದೆ. ಪೆಟ್ಟಿಗೆಯೇ ಚಾಸಿಯ ಮೇಲೆ ಕದಲುತ್ತಿದೆಯೇ, ಬೋಲ್ಟಿನ ಸುತ್ತ ಬಣ್ಣ ಬಿರಿದು ತುಕ್ಕಿನ ಗೆರೆ ಮೂಡಿದೆಯೇ ಎಂಬುದನ್ನೂ ಆಗಲೇ ನೋಡಬೇಕು. ಹಳೆಯ ವಿಲ್ಲೀಸ್ ಹಾಗೂ ಸಿಜೆ 3ಬಿ ಜೀಪುಗಳಲ್ಲಿ ಡ್ರ್ಯಾಗ್ ಲಿಂಕಿನಿಂದ ಬಂದ ಚಲನೆಯನ್ನು ಎರಡು ಟೈರಾಡುಗಳಿಗೆ ಹಂಚುವ ಬೆಲ್‌ಕ್ರಾಂಕ್ ಎಂಬ ಕೀಲು ಆಕ್ಸಲ್ ಬಳಿ ಇದೆ. ಅದರ ಪಿನ್ ಸವೆಯುವುದು ಎಷ್ಟು ಸಾಮಾನ್ಯವೆಂದರೆ ಆ ಜೀಪುಗಳಲ್ಲಿ ಮೊದಲು ಅಲ್ಲಿಗೇ ಕೈಹಾಕಬಹುದು. ಈ ಪರೀಕ್ಷೆಗೆ ಹತ್ತು ನಿಮಿಷ ಸಾಕು. ಆದರೂ ಇದನ್ನು ಮಾಡದೆ ನೇರ ಅಲೈನ್‌ಮೆಂಟ್ ಯಂತ್ರಕ್ಕೆ ಜೀಪು ಏರಿಸುವುದೇ ರೂಢಿಯಾಗಿದೆ. ಸಡಿಲ ಕೀಲಿನ ಜೀಪಿಗೆ ಅಲೈನ್‌ಮೆಂಟ್ ಮಾಡಿಸುವುದು ಹಣ ದಂಡ.

ಮೂರನೆಯದಾಗಿ ಜಾಕ್. ಮುಂದಿನ ಗಾಲಿಯನ್ನು ನೆಲದಿಂದೆತ್ತಿ, ಆಕ್ಸಲ್ಲಿಗೆ ಸ್ಟ್ಯಾಂಡ್ ಕೊಟ್ಟು, ಟೈರನ್ನು ಮೇಲೊಂದು ಕೈ, ಕೆಳಗೊಂದು ಕೈ ಹಿಡಿದು ಅಲುಗಿಸಬೇಕು. ಆಟ ಕಂಡುಬಂದರೆ ಒಳಗೆ ಕೂತವರು ಬ್ರೇಕ್ ಒತ್ತಲಿ. ಆಗ ಆಟ ಮಾಯವಾದರೆ ದೋಷ ಹಬ್ ಬೇರಿಂಗಿನದು. ಬ್ರೇಕ್ ಒತ್ತಿದರೂ ಉಳಿದರೆ ಕಿಂಗ್‌ಪಿನ್ ಬೇರಿಂಗಿನದು. ನಂತರ ಎಡಬಲಕ್ಕೆ ಹಿಡಿದು ಅಲುಗಿಸಿದರೆ ಟೈರಾಡ್ ತುದಿಗಳ ಸ್ಥಿತಿ ತಿಳಿಯುತ್ತದೆ.

ಕಿಂಗ್‌ಪಿನ್ ಬೇರಿಂಗಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಈ ಸೀಮೆಯ ಜೀಪುಗಳು ಹಳ್ಳ ದಾಟುವಂಥವು. ನಕಲ್ಲಿನ ಸೀಲು ಹಳತಾಗಿದ್ದರೆ ಪ್ರತಿ ಸಲವೂ ಒಳಗೆ ನೀರು, ಮರಳು ಸೇರಿ ಗ್ರೀಸು ತೊಳೆದುಹೋಗುತ್ತದೆ. ಗಾಲಿ ಬಹುಪಾಲು ನೇರವಾಗಿಯೇ ಇರುವುದರಿಂದ ಬೇರಿಂಗಿನ ರೋಲರುಗಳು ಒಂದೇ ಜಾಗದಲ್ಲಿ ಕೂತು ಹೊಡೆತ ತಿಂದು ಬಟ್ಟಲಿನಲ್ಲಿ ತಗ್ಗು ಬೀಳಿಸುತ್ತವೆ. ಅಂಥ ಬೇರಿಂಗು ಅಲುಗಿಸಿ ನೋಡಿದಾಗ ಸಡಿಲವೆನಿಸದೆಯೂ ಇರಬಹುದು. ಟೈರಾಡ್ ಕಳಚಿ ನಕಲ್ಲನ್ನು ಕೈಯಿಂದ ತಿರುಗಿಸಿದಾಗ ನಡುವಿನಲ್ಲಿ 'ಟಕ್' ಎಂದು ಸಿಕ್ಕಿಬೀಳುತ್ತದೆ. ಬಿಗಿತವನ್ನು ಅಳೆಯುವ ಸರಿಯಾದ ಕ್ರಮವೆಂದರೆ ಟೈರಾಡ್ ಮತ್ತು ಸೀಲು ಕಳಚಿ, ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಹಾಕಿ ಎಳೆದು, ನಕಲ್ಲು ಕದಲಲು ಎಷ್ಟು ಬಲ ಬೇಕೆಂದು ನೋಡಿ, ತಯಾರಕರ ಕೈಪಿಡಿಯ ಅಂಕಿಗೆ ಹೋಲಿಸುವುದು. ಸಡಿಲವಿದ್ದರೆ ಶಿಮ್ ತೆಗೆದು ಬಿಗಿಗೊಳಿಸುತ್ತಾರೆ. ಈ ಬಿಗಿತವೇ ಗಾಲಿಯ ತೂಗಾಟವನ್ನು ಕೊಲ್ಲುವ ಘರ್ಷಣೆ. ತಗ್ಗು ಬಿದ್ದ ಬೇರಿಂಗನ್ನು ಶಿಮ್ ತೆಗೆದು ಬಿಗಿಗೊಳಿಸಿ ಪ್ರಯೋಜನವಿಲ್ಲ, ಬಟ್ಟಲಿನ ಸಮೇತ ಬದಲಿಸಲೇಬೇಕು.

ನಾಲ್ಕನೆಯದು ಸ್ಪ್ರಿಂಗ್. ಯು-ಬೋಲ್ಟ್ ಸಡಿಲವಾಗಿ ನಡುಬೋಲ್ಟ್ ತುಂಡಾಗಿದ್ದರೆ ಆಕ್ಸಲ್ ಒಂದು ಕಡೆ ಹಿಂದೆ ಸರಿದಿರುತ್ತದೆ. ಎಡಗಡೆಯ ಎರಡು ಗಾಲಿಗಳ ನಡುವೆ ಎಷ್ಟು, ಬಲಗಡೆ ಎಷ್ಟು ಎಂದು ಟೇಪು ಹಿಡಿದರೆ ತಿಳಿದುಹೋಗುತ್ತದೆ. ಶಾಕಲ್ ಬುಷ್‌ಗಳನ್ನು ಹಾರೆಯಂಥ ಸಲಾಕೆಯಿಂದ ಮೀಟಿ ನೋಡಬೇಕು. ಸುರುಳಿ ಸ್ಪ್ರಿಂಗಿನ ಜಿಮ್ನಿಯಂಥ ವಾಹನಗಳಲ್ಲಿ ಆಕ್ಸಲ್ಲನ್ನು ಅಡ್ಡಕ್ಕೆ ಹಿಡಿದಿಡುವ ಪ್ಯಾನಾರ್ಡ್ ರಾಡ್ ಇರುತ್ತದೆ. ಅದರ ಬುಷ್ ಸವೆದಿದ್ದರೆ ಅಥವಾ ಬೋಲ್ಟಿನ ರಂಧ್ರ ಮೊಟ್ಟೆಯಾಕಾರವಾಗಿದ್ದರೆ ಬೇರೇನು ಬದಲಿಸಿದರೂ ನಡುಕ ಹೋಗದು. ಈ ಬೋಲ್ಟನ್ನು ವಾಹನ ನೆಲದ ಮೇಲೆ ನಿಂತಿರುವಾಗಲೇ ಅಂತಿಮವಾಗಿ ಬಿಗಿಯಬೇಕು. ಜಾಕ್ ಮೇಲಿರುವಾಗ ಬಿಗಿದರೆ ಇಳಿಸಿದಾಗ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ.

ಇಷ್ಟಾದ ಮೇಲೆಯೇ ಅಳತೆ. ಕ್ಯಾಸ್ಟರ್ ಎಷ್ಟಿದೆಯೆಂದು ಅಲೈನ್‌ಮೆಂಟ್ ಕೇಂದ್ರದಲ್ಲಿ ಕೇಳಿ, ಮುದ್ರಿತ ಚೀಟಿ ಪಡೆಯಬೇಕು. ಗಟ್ಟಿ ಆಕ್ಸಲ್ಲಿಗೆ ಕ್ಯಾಸ್ಟರ್ 'ಅಡ್ಜಸ್ಟ್‌ಮೆಂಟ್' ಇಲ್ಲವೆಂದು ಅಳೆಯದೆಯೇ ಕಳಿಸುವವರಿದ್ದಾರೆ. ತಿದ್ದಲು ಸ್ಪ್ರಿಂಗಿಗೂ ಆಕ್ಸಲ್ಲಿಗೂ ನಡುವೆ ಓರೆಯಾದ ಉಕ್ಕಿನ ಬೆಣೆ ಕೂರಿಸುತ್ತಾರೆ. ಬೆಣೆಯನ್ನು ತಿರುವುಮುರುವಾಗಿ ಹಾಕಿದರೆ ಇದ್ದ ಕ್ಯಾಸ್ಟರೂ ಹೋಗುತ್ತದೆ. ಹೆಚ್ಚಿಸಿದಷ್ಟೂ ಒಳ್ಳೆಯದೆಂದೂ ಅಲ್ಲ: ಕ್ಯಾಸ್ಟರ್ ಹೆಚ್ಚಿದಂತೆ ಡಿಫರೆನ್ಷಿಯಲ್ಲಿನ ಮೂಗು ತಗ್ಗಿ ಮುಂದಿನ ಪ್ರೊಪೆಲ್ಲರ್ ಶಾಫ್ಟಿನ ಕೀಲಿನ ಕೋನ ಕೆಡುತ್ತದೆ, ಸ್ಟೀರಿಂಗ್ ಭಾರವಾಗುತ್ತದೆ, ಸಡಿಲ ಕೀಲುಗಳಿದ್ದರೆ ನಡುಕ ಉಲ್ಬಣಿಸಲೂಬಹುದು.

ಟೋ-ಇನ್, ಅಂದರೆ ಮುಂಗಾಲಿಗಳ ಮುಂಬದಿ ತುಸು ಒಳಮುಖವಾಗಿರುವುದು, ಯಂತ್ರವಿಲ್ಲದೆಯೂ ಅಳೆಯಬಹುದು. ಗಾಲಿಯೆತ್ತಿ ಸುತ್ತಿಸುತ್ತಾ ಟೈರಿನ ನಡುವೆ ಸೀಮೆಸುಣ್ಣ ಹಿಡಿದು, ಅದರ ಮೇಲೆ ಮೊಳೆಯಿಂದ ಗೆರೆ ಎಳೆಯಬೇಕು. ಜೀಪನ್ನು ಇಳಿಸಿ ಸ್ವಲ್ಪ ಮುಂದೆ ತಳ್ಳಿ, ಆಕ್ಸಲ್ ಎತ್ತರದಲ್ಲಿ ಎರಡು ಗೆರೆಗಳ ನಡುವಿನ ಅಂತರವನ್ನು ಮುಂದೊಮ್ಮೆ, ಹಿಂದೊಮ್ಮೆ ಅಳೆದರೆ ವ್ಯತ್ಯಾಸ ಸಿಗುತ್ತದೆ. ಹಳೆಯ ಜೀಪುಗಳಿಗೆ ಮುಂದಿನ ಅಂತರ ಒಂದೆರಡು ಮಿ.ಮೀ. ಕಡಿಮೆಯಿದ್ದರೆ ಸಾಕು.

ಡ್ಯಾಂಪರ್ ಕೊನೆಗೆ. ಎಲ್ಲ ಸರಿಪಡಿಸಿದ ಮೇಲೆ, ದೊಡ್ಡ ಟೈರಿನ ವಾಹನಕ್ಕೆ ಅದು ಹೆಚ್ಚಿನ ರಕ್ಷಣೆ. ಮೂಲದಲ್ಲೇ ಡ್ಯಾಂಪರ್ ಇರುವ ವಾಹನದಲ್ಲಿ ಅದು ಎಣ್ಣೆ ಸೋರುತ್ತಿದ್ದರೆ ಬದಲಿಸಬೇಕು, ಸಂಶಯವಿಲ್ಲ. ಆದರೆ ಪತ್ತೆ ಮಾಡುವಾಗ ಅದನ್ನು ಕಳಚಿಟ್ಟು ಕೀಲುಗಳನ್ನು ನೋಡುವುದೇ ಸರಿ. ಡ್ಯಾಂಪರ್ ಮುಚ್ಚಿಟ್ಟ ಸವೆತ ಒಂದು ದಿನ ಟೈರಾಡ್ ತುದಿ ಕಳಚಿಬೀಳುವುದರಲ್ಲಿ ಹೊರಬಂದರೆ ಆಗ ನಡುಕವಿರುವುದಿಲ್ಲ, ಸ್ಟೀರಿಂಗೇ ಇರುವುದಿಲ್ಲ.

ದಾರಿಯಲ್ಲಿ ಬಂದರೆ

ಗಾಬರಿಯಿಂದ ಬ್ರೇಕನ್ನು ಒಮ್ಮೆಗೇ ತುಳಿಯಬಾರದು. ಭಾರವೆಲ್ಲ ಮುಂಗಾಲಿಗಳ ಮೇಲೆ ಬಿದ್ದು ಬಡಿದಾಟ ಹೆಚ್ಚಬಹುದು. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದು, ನಡುಕವನ್ನು ಎದುರು ತಿರುಗಿಸಿ ನಿಲ್ಲಿಸಲು ಹೋಗದೆ, ಹದವಾಗಿ ವೇಗ ಇಳಿಸಿ ಪಕ್ಕಕ್ಕೆ ನಿಲ್ಲಿಸಬೇಕು. ಹೆಬ್ಬೆರಳು ಚಕ್ರದ ಕಡ್ಡಿಗಳ ಒಳಗೆ ಇರಕೂಡದು, ಮುರಿಯುತ್ತದೆ. ತಾಳಬೆಟ್ಟದ ಇಳಿಜಾರಿನಲ್ಲಾಗಲಿ ಬಿಳಿಗಿರಿರಂಗನ ಬೆಟ್ಟದಿಂದ ಯಳಂದೂರಿಗೆ ಇಳಿಯುವಾಗಲಾಗಲಿ ಬರೀ ಕಾಲು ತೆಗೆದರೆ ವೇಗ ತಗ್ಗದು. ಆರಂಭದಿಂದಲೇ ಕೆಳಗಿನ ಗೇರಿನಲ್ಲಿ ಇಳಿಯುತ್ತಿದ್ದರೆ ನಡುಕ ಹುಟ್ಟುವ ವೇಗವೇ ಬರುವುದಿಲ್ಲ. ಒಮ್ಮೆ ನಡುಗಿದ ಜೀಪಿಗೆ ಜನ ಹತ್ತಿಸಿಕೊಳ್ಳದೆ, ನಿಧಾನವಾಗಿ ಗ್ಯಾರೇಜು ಸೇರಿಸುವುದು ಒಳಿತು. ಆ ಒಂದು ನಿಮಿಷದ ಬಡಿದಾಟ ಸರಿಯಿದ್ದ ಕೀಲುಗಳನ್ನೂ ಸಡಿಲಿಸಿರುತ್ತದೆ.

ಕಾನೂನು

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ತಯಾರಕರು ಸೂಚಿಸಿದ್ದಕ್ಕಿಂತ ನೋಂದಣಿ ಪತ್ರದ ವಿವರ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮು, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗಿನ ಸೆರೆ ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡುತ್ತದೆ. ಅಪಘಾತವಾದಾಗ ವಿಮಾ ಪರಿಹಾರದ ಪ್ರಶ್ನೆ ಬಂದರೆ ಉದ್ದನೆಯ ಶಾಕಲ್ಲೂ 31 ಅಂಗುಲದ ಟೈರೂ ಮಾಲೀಕರ ಪರವಾಗಿ ಸಾಕ್ಷಿ ಹೇಳುವುದಿಲ್ಲ. ಕಾಡಿನ ಊರಿಗೆ ಜನ ಸಾಗಿಸುವ ಬಡ ಚಾಲಕನ ಹೆಚ್ಚುವರಿ ಪಟ್ಟಿಗೂ ಅಂದಕ್ಕೆ ಎತ್ತರಿಸಿದ ವಾಹನಕ್ಕೂ ಕಾನೂನು ಒಂದೇ ಅಳತೆಗೋಲು ಹಿಡಿದಿದೆ. ರಸ್ತೆಯೇ ಇಲ್ಲದ ಕಡೆ ಇದು ಎಷ್ಟರಮಟ್ಟಿಗೆ ನ್ಯಾಯವೆಂಬುದು ಬೇರೆ ಚರ್ಚೆ.

ದುರಸ್ತಿಯ ನಂತರ

ಕೆಲಸ ಮುಗಿದ ಜೀಪನ್ನು ಖಾಲಿಯಾಗಿ ಒಮ್ಮೆ, ಭಾರ ಹೇರಿ ಒಮ್ಮೆ ಓಡಿಸಿ ನೋಡಬೇಕು. ಜನಸಂಚಾರವಿಲ್ಲದ ನೇರ ರಸ್ತೆ ಆಯ್ದು, 40ರಿಂದ ಆರಂಭಿಸಿ ಐದೈದು ಕಿ.ಮೀ. ಹೆಚ್ಚಿಸುತ್ತಾ ಹೋಗುವುದು ಕ್ಷೇಮ. ಹೊಸದಾಗಿ ಬಿಗಿದ ಯು-ಬೋಲ್ಟ್‌ಗಳು ಮೊದಲ ಕೆಲವು ನೂರು ಕಿಲೋಮೀಟರ್ ಓಟದಲ್ಲಿ ಪಟ್ಟಿಗಳು ಕೂತಂತೆ ಸಡಿಲಗೊಳ್ಳುತ್ತವೆ. ಟಾರ್ಕ್ ರೆಂಚ್ ಹಿಡಿದು ಮತ್ತೊಮ್ಮೆ ಬಿಗಿಸಬೇಕು. ಹಳ್ಳ ದಾಟುವ ಜೀಪುಗಳಿಗೆ ಮಳೆಗಾಲ ಮುಗಿಯುತ್ತಲೇ ನಕಲ್ಲಿನ ಸೀಲು ತೆರೆಸಿ, ಗ್ರೀಸು ಬಿಳಿಚಿ ಹಾಲಿನಂತಾಗಿದೆಯೇ ನೋಡಬೇಕು. ಆಗಿದ್ದರೆ ಒಳಗೆ ನೀರು ಹೋಗಿದೆ.